ಪರೇಡಿಗೆ ಮೊದಲೇ ಆರೋಪಿಯ ಮುಖ ಪ್ರಕಟವಾಗದಿರಲಿ

ಮಾನ್ಯ ಸಂಪಾದಕರಿಗೆ,

ವಿಷಯ: ಗುರುತು ಪತ್ತೆ ಪರೇಡ್ (ಸಾಕ್ಷಿ ಗುರುತಿಸಲೆಂದು ಆರೋಪಿಯನ್ನು ಹಲವರ ನಡುವೆ ನಿಲ್ಲಿಸುವ ಕ್ರಮ) ನಡೆಯುವ ಮುನ್ನ ಬಂಧಿತರ ಮುಖಚಿತ್ರ ಪ್ರಕಟಿಸುವುದರಿಂದ ಸಾಕ್ಷಿಗಳ ನೆನಪಿಗೆ ಆಗುವ ಹಾನಿ.

ಸರಗಳ್ಳತನ, ಸುಲಿಗೆ, ಹೆದ್ದಾರಿ ದರೋಡೆಯಂತಹ ಪ್ರಕರಣಗಳಲ್ಲಿ ಯಾರನ್ನಾದರೂ ಬಂಧಿಸಿದರೆ ಮರುದಿನವೇ ಅವರ ಮುಖಚಿತ್ರ ಜಿಲ್ಲಾ ಪುಟಗಳಲ್ಲಿ ಅಚ್ಚಾಗುತ್ತದೆ. ಪತ್ರಿಕೆ ಮನೆಗೆ ಬರುವ ಹೊತ್ತಿಗಾಗಲೇ ಅದೇ ಚಿತ್ರ ದಾವಣಗೆರೆ, ಹರಿಹರ, ಜಗಳೂರು, ಚನ್ನಗಿರಿಗಳ ವಾಟ್ಸ್‌ಆ್ಯಪ್ ಗುಂಪುಗಳನ್ನು ಸುತ್ತಿ ಬಂದಿರುತ್ತದೆ. ವಶಪಡಿಸಿಕೊಂಡ ಒಡವೆಗಳನ್ನು ಮೇಜಿನ ಮೇಲೆ ಹರಡಿ, ಹಿಂದೆ ಬಂಧಿತರನ್ನು ನಿಲ್ಲಿಸಿ ತೆಗೆದ ಚಿತ್ರಗಳು ನಮಗೆ ಎಷ್ಟು ರೂಢಿಯಾಗಿವೆಯೆಂದರೆ ಅದರಲ್ಲೇನಾದರೂ ತಪ್ಪಿರಬಹುದೆಂಬ ಅನುಮಾನವೂ ಬಾರದಂತಾಗಿದೆ. ದಾವಣಗೆರೆಯ ಕಾಲೇಜೊಂದರಲ್ಲಿ ಬಹುಕಾಲ ಮನಃಶಾಸ್ತ್ರ ಬೋಧಿಸಿ ನಿವೃತ್ತನಾದವನಾಗಿ, ಈ ರೂಢಿಯು ಕೃತ್ಯವನ್ನು ಕಣ್ಣಾರೆ ಕಂಡ ವ್ಯಕ್ತಿಯ ನೆನಪನ್ನೇ ಕೆಡಿಸುತ್ತದೆ ಎಂಬುದನ್ನು ತಮ್ಮ ಗಮನಕ್ಕೂ ಓದುಗರ ಗಮನಕ್ಕೂ ತರಬಯಸುತ್ತೇನೆ. ಯಾವ ಠಾಣೆ, ಯಾವ ಪತ್ರಿಕೆ ಎಂದು ಬೆರಳು ತೋರಿಸುವ ಉದ್ದೇಶ ನನಗಿಲ್ಲ. ಆದರೆ ನೆನಪಿನ ಕುರಿತು ಸುಮಾರು ಅರ್ಧ ಶತಮಾನದಿಂದ ನಡೆದಿರುವ ಅಧ್ಯಯನಗಳು ಈ ವಿಷಯದಲ್ಲಿ ಹೇಳುವುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಪತ್ರ ದೀರ್ಘವಾಗುವುದಕ್ಕೆ ಮನ್ನಿಸಬೇಕು.

ದುಗ್ಗಮ್ಮನ ಜಾತ್ರೆಯ ಜನಸಂದಣಿಯಲ್ಲಿ ಎದುರಿಗೆ ಬಂದವರೊಬ್ಬರು ಮುಗುಳ್ನಕ್ಕು ಮುಂದೆ ಸಾಗುತ್ತಾರೆ ಎಂದುಕೊಳ್ಳೋಣ. ಮುಖ ಗೊತ್ತಿರುವುದೇ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಅವರು ಯಾರು, ಎಲ್ಲಿ ನೋಡಿದ್ದು ಎಂಬುದು ಹೊಳೆಯುವುದಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೋ, ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗಲೋ, ಅವರು ಚೌಕಿಪೇಟೆಯ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದು ಕೊಡುವವರು, ಮಗಳ ಮದುವೆಯ ಜವಳಿ ತೆಗೆಯುವಾಗ ಅವರೊಡನೆ ಮಾತಾಡಿದ್ದೆವು ಎಂಬುದು ನೆನಪಾಗುತ್ತದೆ. ಮೊದಲು ಬಂದದ್ದು ಪರಿಚಿತ ಭಾವ, ಆಮೇಲೆ ಬಂದದ್ದು ಸಂದರ್ಭದ ನೆನಪು. ಅಮೆರಿಕದಲ್ಲಿ ನೆಲೆಸಿದ್ದ ಮನಃಶಾಸ್ತ್ರಜ್ಞ ಜಾರ್ಜ್ ಮ್ಯಾಂಡ್ಲರ್ ಅವರು 1980ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥದೇ ಒಂದು ಉದಾಹರಣೆಯನ್ನು, ಬಸ್ಸಿನಲ್ಲಿ ಕಣ್ಣಿಗೆ ಬಿದ್ದ ಮಾಂಸದಂಗಡಿಯವನನ್ನು ಥಟ್ಟನೆ ಗುರುತಿಸಲಾಗದ ಪ್ರಯಾಣಿಕನ ಉದಾಹರಣೆಯನ್ನು, ಕೊಟ್ಟು, ಗುರುತಿಸುವಿಕೆ ಎಂಬ ಒಂದೇ ಕ್ರಿಯೆಯ ಹಿಂದೆ ಇಂತಹ ಎರಡು ಬೇರೆ ಬೇರೆ ಮಾನಸಿಕ ವ್ಯಾಪಾರಗಳಿವೆ ಎಂದು ವಾದಿಸಿದರು.

ಎಸ್ತೋನಿಯಾದಲ್ಲಿ ಹುಟ್ಟಿ ಕೆನಡಾದಲ್ಲಿ ಕೆಲಸ ಮಾಡಿದ ಎಂಡೆಲ್ ಟುಲ್ವಿಂಗ್ ಅವರು 1985ರಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡುವ ಸರಳ ವಿಧಾನವೊಂದನ್ನು ರೂಪಿಸಿದರು. ಮೊದಲು ಓದಿದ ಪದವೊಂದನ್ನು ಗುರುತಿಸಿದವರನ್ನು, ಆ ಪದವನ್ನು ಓದಿದ ಗಳಿಗೆ ನಿಮಗೆ ನೆನಪಿದೆಯೋ ಅಥವಾ ಓದಿದ್ದೇನೆಂಬುದು ಬರಿದೇ ಗೊತ್ತಾಗುತ್ತಿದೆಯೋ ಎಂದು ಅವರು ಕೇಳಿದರು. ಜನರು ಈ ಪ್ರಶ್ನೆಗೆ ತಡವರಿಸದೆ ಉತ್ತರಿಸುತ್ತಾರೆ. ನನ್ನ ತರಗತಿಗಳಲ್ಲಿ ಪ್ರಯೋಗ ಮಾಡಿಸಿದಾಗ, ಮನಃಶಾಸ್ತ್ರದ ಗಂಧವೇ ಇಲ್ಲದ ಹೊಸ ವಿದ್ಯಾರ್ಥಿಗಳು ಕೂಡ ಒಂದೆರಡು ಉದಾಹರಣೆ ಕೊಟ್ಟರೆ ಸಾಕು, ಎರಡನ್ನೂ ಬಿಡಿಸಿ ಹೇಳುತ್ತಿದ್ದರು. ಇದಾದ ಮೂರು ವರ್ಷಕ್ಕೆ, 1988ರಲ್ಲಿ, ಜಾನ್ ಗಾರ್ಡಿನರ್ ಅವರು ಇನ್ನೊಂದು ಸಂಗತಿಯನ್ನು ತೋರಿಸಿದರು. ಪದದ ಅರ್ಥವನ್ನು ಮನಸ್ಸಿಟ್ಟು ಯೋಚಿಸಿದವರಲ್ಲಿ ನೆನಪಿದೆ ಎಂಬ ಉತ್ತರಗಳು ಹೆಚ್ಚಾದವೇ ಹೊರತು, ಬರಿದೇ ಗೊತ್ತು ಎಂಬ ಉತ್ತರಗಳು ಅದೇ ರೀತಿ ಏರಲಿಲ್ಲ.

ಈ ಎರಡು ವ್ಯಾಪಾರಗಳ ಸ್ವಭಾವವೇ ಬೇರೆ. ಪರಿಚಿತ ಭಾವವು ಶೀಘ್ರವಾಗಿ ಬರುತ್ತದೆ, ಕೇಳದೆಯೇ ಬರುತ್ತದೆ, ಮತ್ತು ಅದಕ್ಕೆ ಹೆಚ್ಚು ಕಡಿಮೆಯ ಮಟ್ಟಗಳಿವೆ: ಒಂದು ಮುಖ ಸ್ವಲ್ಪ ಪರಿಚಿತವೆನ್ನಿಸಬಹುದು, ಇನ್ನೊಂದು ಬಹಳ ಪರಿಚಿತವೆನ್ನಿಸಬಹುದು. ಸಂದರ್ಭದ ನೆನಪು ನಿಧಾನವಾಗಿ ಬರುತ್ತದೆ, ಹಲವು ಸಲ ಹುಡುಕಿದ ಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. 1994ರಿಂದ ಈ ವಿಷಯದಲ್ಲಿ ಗಣಿತದ ಮಾದರಿಗಳನ್ನು ಕಟ್ಟಿ ಪರೀಕ್ಷಿಸುತ್ತ ಬಂದ ಆಂಡ್ರ್ಯೂ ಯೊನೆಲಿನಸ್ ಅವರು, ಹಿಂದಿನ ಮೂವತ್ತು ವರ್ಷಗಳ ಸಂಶೋಧನೆಯನ್ನು 2002ರಲ್ಲಿ ಒಟ್ಟಾಗಿ ಪರಿಶೀಲಿಸಿ, ಸಂದರ್ಭದ ನೆನಪು ಒಂದು ಹೊಸ್ತಿಲನ್ನು ದಾಟಿದರೆ ಮಾತ್ರ ಸಿಗುವಂಥದ್ದೆಂದೂ, ಪರಿಚಿತ ಭಾವವು ಏರಿಳಿಯುವ ಸಂಕೇತವೆಂದೂ ನಿರೂಪಿಸಿದರು. ತಲೆಯ ಮೇಲೆ ವಿದ್ಯುದ್ವಾರಗಳನ್ನಿಟ್ಟು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದಾಗಲೂ ಈ ಹಿಂದುಮುಂದು ಕಾಣುತ್ತದೆ. ಪರಿಚಿತತೆಗೆ ಸಂಬಂಧಿಸಿದ್ದೆಂದು ಹೆಚ್ಚಿನವರು ಒಪ್ಪುವ ಅಲೆಯು ಸುಮಾರು 300ರಿಂದ 500 ಮಿಲಿಸೆಕೆಂಡುಗಳ ನಡುವೆ ತಲೆಯ ಮುಂಭಾಗದಲ್ಲಿಯೂ, ಸಂದರ್ಭದ ನೆನಪಿಗೆ ಸಂಬಂಧಿಸಿದ ಅಲೆಯು ಅನಂತರ, ಸುಮಾರು 500ರಿಂದ 800 ಮಿಲಿಸೆಕೆಂಡುಗಳ ನಡುವೆ ಎಡಬದಿಯ ಮೇಲ್ಭಾಗದಲ್ಲಿಯೂ ಗೋಚರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಅಂತರದಲ್ಲಿಯೇ ಸಾಕ್ಷಿಯೊಬ್ಬರ ಬಾಯಿಂದ ‘ಇವನೇ’ ಎಂಬ ಮಾತು ಹೊರಟುಬಿಡಬಹುದು.

ಮೆದುಳಿಗೆ ಪೆಟ್ಟಾದವರ ಅಧ್ಯಯನಗಳೂ ಇದಕ್ಕೆ ಬೆಂಬಲ ಕೊಡುತ್ತವೆ. ಹಿಪ್ಪೊಕ್ಯಾಂಪಸ್ ಎಂಬ ಭಾಗವು ಸಂದರ್ಭದ ನೆನಪಿಗೂ, ಅದರ ಪಕ್ಕದ ಪೆರಿರೈನಲ್ ಕಾರ್ಟೆಕ್ಸ್ ಪರಿಚಿತ ಭಾವಕ್ಕೂ ಆಧಾರವೆಂದು ಜಾನ್ ಆ್ಯಗಲ್ಟನ್ ಮತ್ತು ಮಾಲ್ಕಮ್ ಬ್ರೌನ್ 1999ರಲ್ಲಿ ಪ್ರತಿಪಾದಿಸಿದರು. ಹಿಪ್ಪೊಕ್ಯಾಂಪಸ್ ಬಾಲ್ಯದಲ್ಲಿಯೇ ಕುಗ್ಗಿಹೋಗಿದ್ದ ಕೆಲವು ಮಕ್ಕಳು ನಿನ್ನೆ ನಡೆದದ್ದನ್ನು ಹೇಳಲಾರದೆ ಹೋದರೂ, ಮೊದಲು ಕಂಡ ವಸ್ತುಗಳನ್ನು ಗುರುತಿಸುವುದರಲ್ಲಿ ಅಷ್ಟೊಂದು ಹಿಂದುಳಿಯಲಿಲ್ಲವೆಂದು 1997ರಲ್ಲಿ ವರದಿಯಾಗಿತ್ತು. ಇದಕ್ಕೆ ತದ್ವಿರುದ್ಧವಾಗಿ, ಶಸ್ತ್ರಚಿಕಿತ್ಸೆಯಲ್ಲಿ ಹಿಪ್ಪೊಕ್ಯಾಂಪಸ್ ಉಳಿದು ಪೆರಿರೈನಲ್ ಭಾಗವನ್ನು ಕಳೆದುಕೊಂಡ ಒಬ್ಬ ರೋಗಿಯಲ್ಲಿ ಸಂದರ್ಭದ ನೆನಪು ಉಳಿದು ಪರಿಚಿತ ಭಾವವೇ ಕುಂದಿದ್ದು 2007ರಲ್ಲಿ ಪ್ರಕಟವಾಯಿತು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿದ್ದಾರೆಂದು ನಾನು ಹೇಳಲಾರೆ. ಇದು ಎರಡು ವ್ಯಾಪಾರಗಳ ಮಾತಲ್ಲ, ಒಂದೇ ನೆನಪಿನ ಬಲದ ಹೆಚ್ಚು ಕಡಿಮೆ ಅಷ್ಟೆ ಎಂದು ವಾದಿಸುವವರು ಇದ್ದಾರೆ. ಎರಡು ವ್ಯಾಪಾರಗಳಿದ್ದರೂ ಅವುಗಳನ್ನು ಮೆದುಳಿನ ಎರಡು ಭಾಗಗಳಿಗೆ ಹಾಗೆ ಹಂಚಿಕೊಡಲು ಬರುವುದಿಲ್ಲ ಎನ್ನುವ ಲ್ಯಾರಿ ಸ್ಕ್ವೈರ್, ಜಾನ್ ವಿಕ್ಸ್‌ಟೆಡ್ ಅವರಂತಹ ಹಿರಿಯರೂ ಇದ್ದಾರೆ. ಆ ಚರ್ಚೆ ಹೇಗೇ ಮುಗಿಯಲಿ, ಮುಖ ಪರಿಚಿತವೆನ್ನಿಸಿದರೂ ಅದನ್ನು ಎಲ್ಲಿ ಕಂಡೆವೆಂಬುದು ತಿಳಿಯದಿರುವ ಸ್ಥಿತಿಯೊಂದಿದೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ, ಮತ್ತು ನನ್ನ ಪತ್ರಕ್ಕೆ ಅಷ್ಟೇ ಸಾಕು.

ಆ ಸ್ಥಿತಿಯಲ್ಲಿ ಮನಸ್ಸು ಸುಮ್ಮನಿರುವುದಿಲ್ಲ ಎಂಬಲ್ಲಿಯೇ ಅಪಾಯವಿರುವುದು. ಪರಿಚಿತವೆನ್ನಿಸಿದ್ದಕ್ಕೆ ಅದು ಕಾರಣ ಹುಡುಕುತ್ತದೆ, ಮತ್ತು ಆ ಗಳಿಗೆಯಲ್ಲಿ ಯಾವ ಕಾರಣ ಕೈಗೆಟಕುವಂತಿದೆಯೋ ಅದನ್ನೇ ಒಪ್ಪಿಕೊಳ್ಳುತ್ತದೆ. ಲ್ಯಾರಿ ಜಾಕೋಬಿ ಮತ್ತು ಅವರ ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಸೆಬಾಸ್ಟಿಯನ್ ವೈಸ್‌ಡಾರ್ಫ್ ಎಂಬಂತಹ, ಯಾರಿಗೂ ತಿಳಿಯದ ಹೆಸರುಗಳ ಒಂದು ಪಟ್ಟಿಯನ್ನು ಅವರು ಜನರಿಂದ ಓದಿಸಿದರು. ಅನಂತರ ಈ ಹೆಸರುಗಳನ್ನು ನಿಜವಾಗಿಯೂ ಪ್ರಸಿದ್ಧರಾದವರ ಹೆಸರುಗಳೊಡನೆಯೂ, ಹಿಂದೆ ತೋರಿಸಿರದ ಬೇರೆ ಅಪ್ರಸಿದ್ಧ ಹೆಸರುಗಳೊಡನೆಯೂ ಬೆರೆಸಿ, ಇವರಲ್ಲಿ ಪ್ರಸಿದ್ಧರು ಯಾರೆಂದು ಕೇಳಿದರು. ಓದಿದ ಪಟ್ಟಿಯಲ್ಲಿದ್ದವರು ಯಾರೂ ಪ್ರಸಿದ್ಧರಲ್ಲ ಎಂದು ಮೊದಲೇ ಹೇಳಿಯೂ ಆಗಿತ್ತು. ಒಡನೆಯೇ ಕೇಳಿದಾಗ ಜನ ಮೋಸಹೋಗಲಿಲ್ಲ. ಈ ಹೆಸರು ಈಗ ತಾನೇ ಓದಿದ ಪಟ್ಟಿಯದು ಎಂಬುದು ಅವರಿಗೆ ನೆನಪಿತ್ತು. ಒಂದು ದಿನ ಕಳೆದ ಮೇಲೆ ಕೇಳಿದಾಗ ಮಾತ್ರ, ಪಟ್ಟಿಯಲ್ಲಿ ಓದಿದ್ದ ಅಪ್ರಸಿದ್ಧ ಹೆಸರುಗಳನ್ನೇ ಅವರು ಪ್ರಸಿದ್ಧರ ಸಾಲಿಗೆ ಹೆಚ್ಚಾಗಿ ಸೇರಿಸಿದರು. ಓದಿದ ಸಂದರ್ಭ ಮಾಸಿಹೋಗಿತ್ತು, ಓದಿದ್ದರಿಂದ ಹುಟ್ಟಿದ ಪರಿಚಿತತೆ ಉಳಿದಿತ್ತು, ಕೇಳಿದ ಪ್ರಶ್ನೆ ಪ್ರಸಿದ್ಧಿಯ ಕುರಿತಾಗಿದ್ದರಿಂದ ಆ ಪರಿಚಿತತೆಯೇ ಪ್ರಸಿದ್ಧಿಯೆಂದು ತೋರಿತು.

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೆಸರುಗಳನ್ನು ಓದುವಾಗ ಕಿವಿಗೆ ಬೀಳುತ್ತಿದ್ದ ಅಂಕೆಗಳ ಮೇಲೂ ನಿಗಾ ಇಡಬೇಕೆಂದು ಹೇಳಿ ಗಮನವನ್ನು ಹಂಚಿದಾಗ, ಈ ತಪ್ಪು ಇನ್ನೂ ಹೆಚ್ಚಾಯಿತು. ಗಮನ ಹಂಚಿಹೋದರೆ ಸಂದರ್ಭದ ನೆನಪು ಬಡವಾಗುತ್ತದೆ, ಪರಿಚಿತ ಭಾವಕ್ಕೆ ಅಷ್ಟು ಧಕ್ಕೆಯಾಗುವುದಿಲ್ಲ. ವಯಸ್ಸಾದಂತೆ ಆಗುವುದೂ ಇದೇ. ಜೇನ್ ಡೈವನ್ ಮತ್ತು ಜಾಕೋಬಿ 1990ರಲ್ಲಿ ತೋರಿಸಿದಂತೆ ಹಿರಿಯರು ಈ ಬಗೆಯ ತಪ್ಪಿಗೆ ಯುವಕರಿಗಿಂತ ಹೆಚ್ಚಾಗಿ ಗುರಿಯಾಗುತ್ತಾರೆ. ನಮ್ಮಲ್ಲಿ ಸರಗಳ್ಳರಿಗೆ ಸಿಕ್ಕುವವರು ಹೆಚ್ಚಾಗಿ ಯಾರು ಎಂದು ಯೋಚಿಸಿದರೆ, ಅಂದರೆ ಬೆಳಿಗ್ಗೆ ದೇವಸ್ಥಾನಕ್ಕೋ ಹಾಲಿಗೋ ಹೊರಟ ಹಿರಿಯ ತಾಯಂದಿರು ಎಂಬುದನ್ನು ಗಮನಿಸಿದರೆ, ಈ ಫಲಿತಾಂಶದ ತೂಕ ತಿಳಿಯುತ್ತದೆ.

ಇದು ಪ್ರಯೋಗಶಾಲೆಯ ಮಾತು, ಠಾಣೆಯಲ್ಲಿ ಹೀಗಾಗುತ್ತದೆಯೇ ಎಂದು ಕೇಳಬಹುದು. ಆಗಿದೆ. ಪ್ರತ್ಯಕ್ಷದರ್ಶಿಗಳ ನೆನಪಿನ ಕುರಿತೇ ಸಂಶೋಧನೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಮನಃಶಾಸ್ತ್ರಜ್ಞ ಡೊನಾಲ್ಡ್ ಥಾಮ್ಸನ್ ಅವರನ್ನು ಒಮ್ಮೆ ಅತ್ಯಾಚಾರದ ಆರೋಪದಲ್ಲಿ ಹಿಡಿಯಲಾಯಿತು. ದೌರ್ಜನ್ಯಕ್ಕೊಳಗಾದ ಮಹಿಳೆಯೇ ಅವರನ್ನು ಗುರುತಿಸಿದ್ದರು. ಆದರೆ ಕೃತ್ಯ ನಡೆದ ಹೊತ್ತಿನಲ್ಲಿ ಅವರು ಟೆಲಿವಿಷನ್ ಸ್ಟುಡಿಯೋದಲ್ಲಿ ನೇರಪ್ರಸಾರದ ಚರ್ಚೆಯಲ್ಲಿದ್ದರು; ಅವರ ಜೊತೆಗಿದ್ದವರಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರೂ ಇದ್ದರು. ಆ ಮಹಿಳೆ ದಾಳಿಗೆ ಸ್ವಲ್ಪ ಮುಂಚೆ ಅದೇ ಕಾರ್ಯಕ್ರಮವನ್ನು ನೋಡುತ್ತಿದ್ದರು. ಅವರು ಕಂಡ ಮುಖ ನಿಜವಾಗಿ ಕಂಡದ್ದೇ, ಅವರ ದುಃಖ ನಿಜವಾದದ್ದೇ, ಅವರ ಮಾತಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಪರದೆಯ ಮೇಲಿನ ಮುಖವು ದಾಳಿಕೋರನ ಜಾಗದಲ್ಲಿ ಬಂದು ಕುಳಿತಿತ್ತು.

ಥಾಮ್ಸನ್ ಅವರಿಗೆ ಲಕ್ಷಾಂತರ ವೀಕ್ಷಕರ ಸಾಕ್ಷ್ಯವಿತ್ತು. ಅಮೆರಿಕದ ಉತ್ತರ ಕೆರೊಲಿನಾದ ರೊನಾಲ್ಡ್ ಕಾಟನ್ ಎಂಬ ತರುಣನಿಗೆ ಅಂಥ ಅದೃಷ್ಟವಿರಲಿಲ್ಲ. 1984ರಲ್ಲಿ ಅತ್ಯಾಚಾರಕ್ಕೊಳಗಾದ ವಿದ್ಯಾರ್ಥಿನಿಯೊಬ್ಬರು ಪೊಲೀಸರು ತೋರಿಸಿದ ಚಿತ್ರಗಳಲ್ಲಿ ಅವನ ಚಿತ್ರವನ್ನು ಆರಿಸಿದರು, ಆಮೇಲೆ ಸಾಲಿನಲ್ಲಿ ನಿಲ್ಲಿಸಿದವರಲ್ಲಿಯೂ ಅವನನ್ನೇ ಆರಿಸಿದರು. ಚಿತ್ರಗಳಲ್ಲಿಯೂ ಸಾಲಿನಲ್ಲಿಯೂ ಇದ್ದವನು ಅವನೊಬ್ಬನೇ ಎಂಬ ಸಂಗತಿಯನ್ನು ಆಗ ಯಾರೂ ಮುಖ್ಯವೆಂದು ಭಾವಿಸಲಿಲ್ಲ. ಎರಡನೆಯ ವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ನ್ಯಾಯಾಲಯಕ್ಕೆ ಕರೆತಂದು ಎದುರಿಗೆ ನಿಲ್ಲಿಸಿದಾಗ, ಈತನನ್ನು ಎಂದೂ ಕಂಡಿಲ್ಲವೆಂದು ಆಕೆ ಹೇಳಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಮೇಲೆ, 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಕಾಟನ್ ನಿರಪರಾಧಿಯೆಂದು ಸಿದ್ಧವಾಯಿತು. ತನ್ನ ಮೇಲೆ ದೌರ್ಜನ್ಯವೆಸಗಿದವನ ಮುಖವನ್ನು ಮರೆಯಬಾರದೆಂದು ಆ ಕ್ಷಣದಲ್ಲಿಯೇ ನಿಶ್ಚಯಿಸಿ ಎಚ್ಚರದಿಂದ ನೋಡಿದ್ದ ಸಾಕ್ಷಿಗೆ ಹೀಗಾಗಬಹುದಾದರೆ, ಅರೆಗಳಿಗೆ ಮುಖ ಕಂಡವರ ಗತಿಯೇನು? ಕಾಟನ್ ಪ್ರಕರಣಕ್ಕೂ ಮೊದಲೇ, 1977ರಲ್ಲಿ, ಎವಾನ್ ಬ್ರೌನ್ ಮತ್ತು ಸಂಗಡಿಗರು ಪ್ರಯೋಗಗಳ ಮೂಲಕ ಎಚ್ಚರಿಸಿದ್ದರು. ಕೃತ್ಯದ ಸ್ಥಳದಲ್ಲಿ ಇಲ್ಲದೆ, ನಡುವೆ ತೋರಿಸಿದ ಚಿತ್ರಗಳಲ್ಲಿ ಮಾತ್ರ ಇದ್ದವರನ್ನು ಆಮೇಲೆ ಸಾಲಿನಲ್ಲಿ ನಿಲ್ಲಿಸಿದರೆ, ಎಂದೂ ಕಂಡಿರದವರಿಗಿಂತ ಹೆಚ್ಚಾಗಿ ಅವರನ್ನೇ ಅಪರಾಧಿಗಳೆಂದು ಸಾಕ್ಷಿಗಳು ತೋರಿಸುತ್ತಾರೆ ಎಂದು ಅವರು ಕಂಡುಕೊಂಡಿದ್ದರು.

ಈಗ ನಮ್ಮೂರಿಗೆ ಬರೋಣ. ಕುಂದವಾಡ ಕೆರೆಯ ದಂಡೆಯಲ್ಲಿಯೋ ವಿದ್ಯಾನಗರದ ಅಡ್ಡರಸ್ತೆಯಲ್ಲಿಯೋ ಬೆಳಗಿನ ಮಬ್ಬಿನಲ್ಲಿ ನಡೆದು ಹೋಗುತ್ತಿರುವ ಮಹಿಳೆಯೊಬ್ಬರ ಹಿಂದಿನಿಂದ ಬೈಕ್ ಬರುತ್ತದೆ, ಹಿಂಬದಿ ಕುಳಿತವನ ಕೈ ಕೊರಳಿಗೆ ಬೀಳುತ್ತದೆ, ಅವರು ಮಾಂಗಲ್ಯ ಸರವನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಕೂಗುತ್ತ ಕೆಳಗೆ ಬೀಳುತ್ತಾರೆ. ಮುಖ ಕಂಡದ್ದು ಎರಡೋ ಮೂರೋ ಕ್ಷಣ, ಅದೂ ಹೆಲ್ಮೆಟ್ಟಿನ ಸಂದಿಯಲ್ಲಿ, ಅದೂ ಗಮನವೆಲ್ಲ ಕೊರಳಿನ ಮೇಲಿದ್ದಾಗ. ಸಂದರ್ಭದೊಡನೆ ಮುಖವನ್ನು ಬೆಸೆದು ಇಟ್ಟುಕೊಳ್ಳಲು ಇದಕ್ಕಿಂತ ಕೆಟ್ಟ ಸ್ಥಿತಿಯಿಲ್ಲ. ಕೆಲವು ವಾರಗಳ ಬಳಿಕ ಯಾರನ್ನೋ ಬಂಧಿಸಿದ ಸುದ್ದಿ ಬರುತ್ತದೆ. ಆ ಚಿತ್ರವನ್ನು ಅವರು ಪತ್ರಿಕೆಯಲ್ಲಿ ನೋಡುತ್ತಾರೆ, ಮಗನ ಫೋನಿನಲ್ಲಿ ನೋಡುತ್ತಾರೆ, ಪಕ್ಕದ ಮನೆಯವರು ತಂದು ತೋರಿಸಿ ‘ಇವನೇ ಅಲ್ವಾ ಅಕ್ಕ, ನಿಮ್ಮ ಸರ ಕಿತ್ತಿದ್ದು’ ಎಂದು ಕೇಳುತ್ತಾರೆ, ಊರಿನಿಂದ ಬಂದ ನೆಂಟರಿಗೆ ಅವರೇ ಮತ್ತೆ ತೋರಿಸುತ್ತಾರೆ. ಕೃತ್ಯದ ದಿನ ಕ್ಷಣಮಾತ್ರ ಕಂಡ ಮುಖಕ್ಕಿಂತ ಚಿತ್ರದ ಈ ಮುಖವನ್ನು ಅವರು ಎಷ್ಟೋ ಪಾಲು ಹೆಚ್ಚು ಹೊತ್ತು, ಒಳ್ಳೆಯ ಬೆಳಕಿನಲ್ಲಿ, ನೆಮ್ಮದಿಯಾಗಿ ಕುಳಿತು ನೋಡಿರುತ್ತಾರೆ. ಇದಾದ ಮೇಲೆ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಹಲವರ ನಡುವೆ ಅವನನ್ನು ನಿಲ್ಲಿಸಿದಾಗ ಅವರ ಬೆರಳು ಅವನ ಕಡೆಗೇ ಹೋಗುವುದು ಸಹಜ. ಪರಿಚಿತ ಭಾವ ಪ್ರಬಲವಾಗಿ ಎದ್ದು ಬರುತ್ತದೆ, ಅದು ಕೆರೆಯ ದಂಡೆಯಿಂದ ಬಂತೋ ಫೋನಿನಿಂದ ಬಂತೋ ಎಂಬುದನ್ನು ಹೇಳುವ ಗುರುತು ಅದರ ಮೇಲೆ ಇರುವುದಿಲ್ಲ, ಮತ್ತು ಅಲ್ಲಿ ಅವರಿಗೆ ಕೇಳಿರುವ ಪ್ರಶ್ನೆ ಕಳ್ಳ ಯಾರೆಂಬುದೊಂದೇ.

ದಾವಣಗೆರೆಯಂತಹ ಊರಿನಲ್ಲಿ ಚಿತ್ರದ ಹಂಗಿಲ್ಲದೆಯೂ ಈ ತೊಡಕು ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು. 2011ರ ಜನಗಣತಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿದ್ದ ಈ ನಗರದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರುವುದಿಲ್ಲ, ಆದರೆ ಎಲ್ಲರೂ ಓಡಾಡುವ ಜಾಗಗಳು ಕೆಲವೇ. ಮಂಡಿಪೇಟೆ, ಅಶೋಕ ರಸ್ತೆ, ಬಸ್ ನಿಲ್ದಾಣ, ಸಂತೆ, ಜಾತ್ರೆ ಎಂದು ಒಂದೇ ಮುಖ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ತಳ್ಳುಗಾಡಿಯಲ್ಲಿ ಹಣ್ಣು ಮಾರುವ ಹುಡುಗನನ್ನೋ ಆಟೊ ಓಡಿಸುವವನನ್ನೋ ಅನುಮಾನದ ಮೇಲೆ ಕರೆತಂದು ನಿಲ್ಲಿಸಿದರೆ, ಅವನು ಸಾಕ್ಷಿಗೆ ಪರಿಚಿತನೆಂದು ತೋರಲು ಅಪರಾಧ ಮಾಡಿರಬೇಕಾಗಿಲ್ಲ, ಈ ಊರಿನಲ್ಲಿ ಬದುಕಿದ್ದರೆ ಸಾಕು. ದಿನವೂ ಬೀದಿಯಲ್ಲಿ ದುಡಿಯುವ ಬಡವರ ಮುಖಗಳೇ ಹೆಚ್ಚು ಜನರ ಕಣ್ಣಿಗೆ ಬಿದ್ದಿರುತ್ತವೆ ಎಂಬುದನ್ನೂ, ಅನುಮಾನಕ್ಕೆ ಮೊದಲು ಗುರಿಯಾಗುವವರೂ ಅವರೇ ಎಂಬುದನ್ನೂ ಸೇರಿಸಿ ನೋಡಿದಾಗ ನನಗೆ ನಿಜವಾಗಿಯೂ ಕಳವಳವಾಗುತ್ತದೆ.

ಪರಿಚಿತ ಭಾವವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅದರ ಸಾಮರ್ಥ್ಯ ಬೆರಗು ಹುಟ್ಟಿಸುವಂಥದ್ದು: ಲಯೊನೆಲ್ ಸ್ಟ್ಯಾಂಡಿಂಗ್ ಅವರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 10,000 ಚಿತ್ರಗಳನ್ನು ಒಂದೊಂದನ್ನೂ ಕೆಲವೇ ಕ್ಷಣ ನೋಡಿದವರು, ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಜೊತೆಯಾಗಿ ಇಟ್ಟಾಗ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಲ ಹಳೆಯದನ್ನು ಸರಿಯಾಗಿ ಆರಿಸಿದ್ದರು. ಹಿಂದೆ ಕಂಡಿದ್ದೇನೆಯೇ ಎಂಬ ಪ್ರಶ್ನೆಗೆ ಅದು ಒಳ್ಳೆಯ ಉತ್ತರ ಕೊಡುತ್ತದೆ. ಎಲ್ಲಿ ಕಂಡೆ, ಆಗ ಅವನು ಏನು ಮಾಡುತ್ತಿದ್ದ ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ, ಮತ್ತು ಕ್ರಿಮಿನಲ್ ಮೊಕದ್ದಮೆಯಲ್ಲಿ ನಮಗೆ ಬೇಕಾಗಿರುವುದು ಈ ಎರಡನೆಯ ಪ್ರಶ್ನೆಯ ಉತ್ತರವೇ.

ನಮ್ಮ ಕಾನೂನು ಈ ವಿಷಯದಲ್ಲಿ ಕುರುಡಾಗಿಲ್ಲ. ವ್ಯಕ್ತಿಯ ಗುರುತನ್ನು ಸಿದ್ಧಪಡಿಸುವ ಸಂಗತಿಗಳು ಪ್ರಸ್ತುತವೆಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 9ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 7ನೇ ಕಲಂ ಅದನ್ನೇ ಮುಂದುವರಿಸಿದೆ. ನ್ಯಾಯಾಲಯದೊಳಗೆ ಸಾಕ್ಷಿ ಗುರುತಿಸುವುದೇ ಮೂಲ ಸಾಕ್ಷ್ಯ, ಪರೇಡ್ ತನಿಖೆಯ ಹಂತದ್ದು ಮತ್ತು ಆ ಸಾಕ್ಷ್ಯವನ್ನು ದೃಢಪಡಿಸುವಂಥದ್ದು ಎಂದು ಮಧ್ಯಪ್ರದೇಶದ ಮಲ್ಖಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಸ್ಪಷ್ಟಪಡಿಸಿದೆ. ಪರೇಡಿಗೆ ಮುನ್ನ ಆರೋಪಿಯನ್ನಾಗಲಿ ಆತನ ಚಿತ್ರವನ್ನಾಗಲಿ ಸಾಕ್ಷಿಗೆ ತೋರಿಸಿದ್ದರೆ ಆ ಪರೇಡಿನ ಬೆಲೆ ಕುಸಿಯುತ್ತದೆಂದು ನಮ್ಮ ನ್ಯಾಯಾಲಯಗಳು ಹಲವು ತೀರ್ಪುಗಳಲ್ಲಿ ಹೇಳಿವೆ. ಕೇಂದ್ರ ಗೃಹ ಸಚಿವಾಲಯವು 2010ರ ಏಪ್ರಿಲ್ 1ರಂದು ಹೊರಡಿಸಿದ ಸಲಹಾ ಪತ್ರದಲ್ಲಿ, ಬಂಧಿತರನ್ನು ಮಾಧ್ಯಮಗಳ ಮುಂದೆ ಮೆರವಣಿಗೆ ಮಾಡಬಾರದೆಂದೂ, ಗುರುತು ಪತ್ತೆ ಪರೇಡ್ ನಡೆಯಬೇಕಾಗಿರುವವರ ಮುಖವನ್ನು ಮಾಧ್ಯಮಗಳಿಗೆ ತೋರಿಸಬಾರದೆಂದೂ ಸೂಚಿಸಿದೆ. ಆದ್ದರಿಂದ ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ.

ಮುಖ ಪ್ರಕಟವಾದ ಮಾತ್ರಕ್ಕೆ ನಷ್ಟವಾಗುವುದು ನಿರಪರಾಧಿಗೆ ಮಾತ್ರ ಎಂದು ಯಾರೂ ತಿಳಿಯಬಾರದು. ಬಂಧಿತನು ನಿಜವಾಗಿಯೂ ಸರ ಕಿತ್ತವನೇ ಆಗಿದ್ದು, ಸಾಕ್ಷಿ ನಿಜವಾಗಿಯೂ ಅವನನ್ನು ಕೃತ್ಯದ ದಿನದ ನೆನಪಿನಿಂದಲೇ ಗುರುತಿಸಿದ್ದರೂ, ಪಾಟೀಸವಾಲಿನಲ್ಲಿ ಆರೋಪಿಯ ಪರ ವಕೀಲರು ಪತ್ರಿಕೆಯ ಆ ಪುಟವನ್ನು ಹಾಜರುಪಡಿಸಿ, ಇದನ್ನು ನೋಡಿಯೇ ನೀವು ಗುರುತಿಸಿದ್ದಲ್ಲವೇ ಎಂದು ಕೇಳಿದರೆ, ಅಲ್ಲವೆಂದು ಸಿದ್ಧಪಡಿಸುವ ದಾರಿ ಆಕೆಗೂ ಇಲ್ಲ, ಸರ್ಕಾರಿ ಅಭಿಯೋಜಕರಿಗೂ ಇಲ್ಲ. ಎರಡು ನೆನಪುಗಳು ಒಮ್ಮೆ ಬೆರೆತವೆಂದರೆ ಅವುಗಳನ್ನು ಹಿಂದಿನ ಸ್ಥಿತಿಗೆ ತರುವ ಉಪಾಯವನ್ನು ಯಾವ ಶಾಸ್ತ್ರವೂ ಕಂಡುಹಿಡಿದಿಲ್ಲ.

ಚಿತ್ರ ಪ್ರಕಟಿಸುವುದರಿಂದ ಅದೇ ಗುಂಪಿನಿಂದ ಮೋಸಹೋದ ಬೇರೆಯವರೂ ಧೈರ್ಯ ತಂದುಕೊಂಡು ದೂರು ಕೊಡಲು ಮುಂದೆ ಬರುತ್ತಾರೆ ಎಂದು ಪೊಲೀಸ್ ಇಲಾಖೆಯ ಸ್ನೇಹಿತರು ಹೇಳುವುದುಂಟು. ವಂಚನೆಯ ಪ್ರಕರಣಗಳಲ್ಲಿ, ಅಂದರೆ ತಿಂಗಳುಗಟ್ಟಲೆ ಎದುರು ಕುಳಿತು ಚೀಟಿಯ ಹಣ ಕಟ್ಟಿಸಿಕೊಂಡವನ ವಿಷಯದಲ್ಲಿ, ಈ ವಾದವನ್ನು ನಾನು ಒಪ್ಪುತ್ತೇನೆ. ಅಲ್ಲಿ ಮುಖದ ಜೊತೆಗೆ ನೂರು ಸಂದರ್ಭಗಳ ನೆನಪಿರುತ್ತದೆ, ರಸೀದಿಗಳೂ ಇರುತ್ತವೆ. ಹಾಗೆಯೇ ತಲೆಮರೆಸಿಕೊಂಡವನ ಸಿಸಿ ಕ್ಯಾಮೆರಾ ಚಿತ್ರವನ್ನು ಪ್ರಕಟಿಸಿ ಸುಳಿವು ಕೇಳುವುದು ಅನಿವಾರ್ಯವಾದಾಗ ಅದನ್ನು ತಡೆಯಬೇಕೆಂದು ನಾನು ಹೇಳಲಾರೆ. ಆದರೆ ಅದಕ್ಕೆ ಮೊದಲು ಫಿರ್ಯಾದುದಾರರಿಂದಲೂ ಪ್ರತ್ಯಕ್ಷದರ್ಶಿಗಳಿಂದಲೂ ಕಂಡವನ ವರ್ಣನೆಯನ್ನು ಅವರದೇ ಮಾತುಗಳಲ್ಲಿ ಬರೆಸಿಕೊಂಡಿರಬೇಕು. ಅಪರಿಚಿತನೊಬ್ಬನನ್ನು ಕ್ಷಣಮಾತ್ರ ಕಂಡ ಸಾಕ್ಷಿಯ ಮೇಲೆಯೇ ಮೊಕದ್ದಮೆ ನಿಂತಿರುವಲ್ಲಿ ಮತ್ತು ಆರೋಪಿ ಈಗಾಗಲೇ ವಶದಲ್ಲಿರುವಲ್ಲಿ ಮಾತ್ರ ನನ್ನ ವಿರೋಧ, ಅಲ್ಲಿ ಅದು ದೃಢವಾದ ವಿರೋಧ. ಅವನ ಹೆಸರು, ವಯಸ್ಸು, ಆರೋಪ, ವಶಪಡಿಸಿಕೊಂಡ ಮಾಲು, ಹಿಡಿದ ಅಧಿಕಾರಿಗಳ ಶ್ರಮ ಎಲ್ಲವನ್ನೂ ಬರೆಯಬಹುದು. ಓದುಗರಿಗೆ ತಿಳಿಯಬೇಕಾದ ಸುದ್ದಿಯಲ್ಲಿ ಅವನ ಮೂಗು ಕಣ್ಣುಗಳು ಸೇರಿಲ್ಲ.

ತನಿಖಾಧಿಕಾರಿಗಳ ಕೈಯಲ್ಲಿಯೂ ಕೆಲವು ಸಂಗತಿಗಳಿವೆ. ಫಿರ್ಯಾದುದಾರರನ್ನು ಠಾಣೆಗೆ ಕರೆಸಿ, ಲಾಕಪ್ಪಿನಲ್ಲಿರುವವನನ್ನೋ ಫೋನಿನಲ್ಲಿರುವ ಒಂದೇ ಚಿತ್ರವನ್ನೋ ತೋರಿಸಿ ‘ಇವನೇನಾ ನೋಡಿ’ ಎಂದು ಕೇಳಿದರೆ ಮುಂದಿನ ಪರೇಡ್ ನಡೆಸಿಯೂ ಪ್ರಯೋಜನವಿಲ್ಲ. ಪರೇಡಿನಲ್ಲಿ ಸಾಕ್ಷಿ ಮೊದಲ ಸಲ ಬೆರಳು ತೋರಿಸಿದಾಗ ಎಷ್ಟು ಖಚಿತವಾಗಿ ಹೇಳಿದರು, ತಡವರಿಸಿದರೇ, ಏನೆಂದು ಹೇಳಿದರು ಎಂಬುದನ್ನು ಆ ಕ್ಷಣದಲ್ಲಿಯೇ ಬರೆದಿಡುವುದು ಬಹಳ ಮುಖ್ಯ. ಕ್ರಮಬದ್ಧವಾಗಿ ನಡೆದ ಮೊದಲ ಪರೇಡಿನ ಆ ಖಚಿತತೆಗೆ ಬೆಲೆಯಿದೆಯೆಂದು ವಿಕ್ಸ್‌ಟೆಡ್ ಮತ್ತು ಗ್ಯಾರಿ ವೆಲ್ಸ್ 2017ರಲ್ಲಿ ವಾದಿಸಿದ್ದಾರೆ. ಅನಂತರ ಬೆಳೆದ ಖಚಿತತೆಗೆ ಆ ಬೆಲೆಯಿಲ್ಲ. ನೀವು ಸರಿಯಾದವನನ್ನೇ ಗುರುತಿಸಿದಿರಿ ಎಂದು ಯಾರಾದರೂ ಒಂದು ಮಾತು ಹೇಳಿದರೂ ಸಾಕು, ತಪ್ಪಾಗಿ ಗುರುತಿಸಿದವರು ಕೂಡ ತಾವು ಮೊದಲಿನಿಂದಲೂ ಖಚಿತವಾಗಿಯೇ ಇದ್ದೆವೆಂದು ನಂಬತೊಡಗುತ್ತಾರೆಂದು ವೆಲ್ಸ್ ಮತ್ತು ಏಮಿ ಬ್ರ್ಯಾಡ್‌ಫೀಲ್ಡ್ 1998ರಲ್ಲಿ ತೋರಿಸಿದ್ದರು. ಈ ನಡುವೆ ಆರೋಪಿಯ ಚಿತ್ರವನ್ನು ಎಲ್ಲಿಯಾದರೂ ನೋಡಿದ್ದೀರಾ ಎಂದು ಸಾಕ್ಷಿಯನ್ನು ಪರೇಡಿಗೆ ಮುನ್ನ ಕೇಳಿ, ಬಂದ ಉತ್ತರವನ್ನು ದಾಖಲಿಸುವುದಕ್ಕೆ ಯಾವ ಖರ್ಚೂ ಇಲ್ಲ.

ಇಂತಹ ಕೃತ್ಯಕ್ಕೆ ತುತ್ತಾದವರ ಮನೆಯವರಲ್ಲಿಯೂ ನನ್ನದೊಂದು ವಿನಂತಿ. ಬಂಧನದ ಸುದ್ದಿ ಬಂದಾಗ ಚಿತ್ರವನ್ನು ತಂದು ಅಮ್ಮನಿಗೋ ಅತ್ತೆಗೋ ತೋರಿಸಬೇಡಿ, ಅವರು ಕೇಳಿದರೂ ಪರೇಡ್ ಮುಗಿಯುವವರೆಗೆ ತಡೆಯಿರಿ. ಕೃತ್ಯ ನಡೆದ ದಿನವೇ, ಕಂಡದ್ದನ್ನು ಕಂಡಂತೆ ಒಂದು ಹಾಳೆಯಲ್ಲಿ ಅವರ ಕೈಯಿಂದಲೇ ಬರೆಸಿಡಿ: ಬೈಕ್ ಯಾವ ದಿಕ್ಕಿನಿಂದ ಬಂತು, ಅವನು ಏನು ತೊಟ್ಟಿದ್ದ, ಬಾಯಿಬಿಟ್ಟು ಏನಾದರೂ ಅಂದನೇ, ಯಾವ ಕೈಯಿಂದ ಸರಕ್ಕೆ ಕೈಹಾಕಿದ. ಮುಖವೊಂದನ್ನೇ ಅಲ್ಲದೆ ಅದರ ಸುತ್ತಲಿನ ಸಂದರ್ಭವನ್ನೂ ಹಿಡಿದಿಡುವ ಇಂತಹ ಬರಹವು ಮುಂದೆ ಸಾಕ್ಷಿಗೂ ನ್ಯಾಯಾಧೀಶರಿಗೂ ಆಧಾರವಾಗಬಲ್ಲದು.

ತಮ್ಮಲ್ಲಿ ನಾನು ಕೋರುವುದಿಷ್ಟು. ಬಂಧನದ ಸುದ್ದಿಯೊಡನೆ ಠಾಣೆಯಿಂದ ಚಿತ್ರ ಬಂದಾಗ, ಈ ಪ್ರಕರಣದಲ್ಲಿ ಗುರುತು ಪತ್ತೆ ಪರೇಡ್ ಆಗಬೇಕಾಗಿದೆಯೇ, ಆಗಿದೆಯೇ ಎಂಬ ಪ್ರಶ್ನೆಯನ್ನು ತಮ್ಮ ಅಪರಾಧ ವರದಿಗಾರರು ತನಿಖಾಧಿಕಾರಿಯನ್ನು ಕೇಳುವ ಪದ್ಧತಿಯನ್ನು ದಾವಣಗೆರೆ ಮತ್ತು ಚಿತ್ರದುರ್ಗ ಆವೃತ್ತಿಗಳಲ್ಲಿ ಮೊದಲು ಜಾರಿಗೆ ತನ್ನಿ. ಪರೇಡ್ ಇನ್ನೂ ಬಾಕಿಯಿದೆಯೆಂಬ ಉತ್ತರ ಬಂದರೆ, ಇಲ್ಲವೇ ಉತ್ತರವೇ ಬಾರದಿದ್ದರೆ, ಮುಖ ಕಾಣದಂತೆ ಮಾಡಿ ಅಥವಾ ಚಿತ್ರವಿಲ್ಲದೆಯೇ ಸುದ್ದಿಯನ್ನು ಪ್ರಕಟಿಸಿ, ಪತ್ರಿಕೆಯ ಜಾಲತಾಣ ಮತ್ತು ಫೇಸ್‌ಬುಕ್ ಪುಟಗಳಿಗೂ ಇದೇ ನಿಯಮವನ್ನು ಅನ್ವಯಿಸಿ. ಪರೇಡಿನ ಕಾರಣದಿಂದ ಮುಖಚಿತ್ರವನ್ನು ಪ್ರಕಟಿಸಿಲ್ಲವೆಂಬ ಒಂದು ಸಾಲನ್ನು ಸುದ್ದಿಯ ಕೆಳಗೆ ಸೇರಿಸಿದರೆ, ಅದೇ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಲು ಹೊರಟ ಓದುಗರಿಗೂ ಕಾರಣ ತಿಳಿದೀತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮನಃಶಾಸ್ತ್ರ ಉಪನ್ಯಾಸಕ,
ದಾವಣಗೆರೆ